ನನ್ನ ಜಾಗಕ್ಕೆ ಬಂದ ವಾಲ್ವ್ ಸಾಹೇಬರಿಗೆ

ಇವರಿಗೆ,
ಶ್ರೀಯುತ ಆಟೋಮ್ಯಾಟಿಕ್ ರಿವರ್ಸಿಂಗ್ ವಾಲ್ವ್ ಅವರು,
ಬೇಲಿಂಗ್ ಪ್ರೆಸ್ಸಿನ ಎಡಮಗ್ಗುಲು, ಹಿಂದಿನ ಶೆಡ್ಡು,
ಪೀಣ್ಯ ಎರಡನೇ ಹಂತ, ಬೆಂಗಳೂರು.

ವಿಷಯ: ಲಿವರ್ ಎಳೆಯುವ ಹುದ್ದೆಯ ಪ್ರಭಾರ ವಹಿಸಿಕೊಡುವ ಬಗ್ಗೆ.
ಉಲ್ಲೇಖ: ಟೀ ಹೊತ್ತಿನಲ್ಲಿ ಮಾಲೀಕರು ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಈ ಪ್ರೆಸ್ಸಿನ ಲಿವರನ್ನು ಹನ್ನೊಂದು ವರ್ಷ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಎಳೆದವನು ನಾನು. ವರ್ಗವಾಗಿ ಹೋಗುವ ಅಧಿಕಾರಿ ಬರುವ ಅಧಿಕಾರಿಗೆ ಬೀಗದ ಕೈ, ಫೈಲು, ಬಾಕಿ ಕೆಲಸದ ಪಟ್ಟಿ ಒಪ್ಪಿಸಿ ಸಹಿ ಪಡೆಯುವುದು ನಮ್ಮ ಕಡೆಯ ಪದ್ಧತಿ. ತಾವು ಬಂದ ದಿನ ಅದೊಂದೂ ನಡೆಯಲಿಲ್ಲ. ನಾನು ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಲಿವರನ್ನು ಬಿಚ್ಚಿ ಗುಜರಿ ಡ್ರಮ್ಮಿಗೆ ಹಾಕಿದ್ದರು. ಆ ಜಾಗದಲ್ಲಿ ತಾವು ನಾಲ್ಕು ಬೋಲ್ಟುಗಳ ಮೇಲೆ ಆಸೀನರಾಗಿದ್ದಿರಿ. ಹೊಸ ಪೇಂಟಿನ ವಾಸನೆ ಇನ್ನೂ ಆರಿರಲಿಲ್ಲ. ಆದ್ದರಿಂದ ತಡವಾಗಿಯಾದರೂ ಈ ಪತ್ರದ ಮೂಲಕ ಪ್ರಭಾರ ವಹಿಸಿಕೊಡುತ್ತಿದ್ದೇನೆ. ಲಿವರಿನ ತುದಿಯ ಕಪ್ಪು ಗುಂಡನ್ನು ಮಾತ್ರ ಡ್ರಮ್ಮಿನಿಂದ ತೆಗೆದು ಮನೆಗೆ ಒಯ್ದಿದ್ದೇನೆ. ಅದರ ಬಗ್ಗೆ ದೂರು ಕೊಡುವುದಿದ್ದರೆ ಕೊಡಬಹುದು.

ಬಹಿರಂಗ ಪತ್ರ ಯಾಕೆಂದರೆ ತಮಗೆ ಕಿವಿಯಿಲ್ಲ, ಕಣ್ಣೂ ಇಲ್ಲ. ತಮಗೆ ಬರೆದದ್ದನ್ನು ಬೇರೆಯವರು ಯಾರಾದರೂ ಓದಿದರೆ ಅಷ್ಟೇ ಲಾಭ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒತ್ತಡ ಬಿದ್ದ ಕೂಡಲೇ ದಿಕ್ಕು ಬದಲಿಸುವವರು ಎಂದು ತಮ್ಮ ಪರಿಚಯ ಮಾಡಿಕೊಟ್ಟರೆ ಕೇಳಿದವರೆಲ್ಲ ನಕ್ಕು ವಿಧಾನಸೌಧದ ಕಡೆ ಕೈ ತೋರಿಸುತ್ತಾರೆ. ಟೀ ಅಂಗಡಿಯಲ್ಲಿ ಈ ಹಾಸ್ಯ ಈಗಾಗಲೇ ನೂರು ಸಲ ಆಗಿದೆ. ನಾನು ಮಾಡುವುದಿಲ್ಲ. ತಾವು ದಿಕ್ಕು ಬದಲಿಸಲು ಯಾರಿಂದಲೂ ಏನನ್ನೂ ಪಡೆದವರಲ್ಲ.

ಈಗ ಹುದ್ದೆಯ ವಿವರ. ಇದು ಹಳೆಯ ರಟ್ಟಿನ ಡಬ್ಬಗಳನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸು. ಸಿಲಿಂಡರಿನ ಒಳವ್ಯಾಸ 100 ಮಿಲಿಮೀಟರ್, ರಾಡು 56, ಓಟ ಒಂದು ಮೀಟರ್. 15 ಎಚ್‌ಪಿ ಮೋಟಾರು, ನಿಮಿಷಕ್ಕೆ 40 ಲೀಟರ್ ಎಣ್ಣೆ ತಳ್ಳುವ ಪಂಪು. ಮುಂದೆ ಹೋಗಲು ಸುಮಾರು 12 ಸೆಕೆಂಡು, ವಾಪಸು ಬರಲು 8. ಎಣ್ಣೆ ಅಷ್ಟೇ ಇದ್ದರೂ ಬರುವಾಗ ಯಾಕೆ ಅವಸರ ಎಂದು ಹೊಸ ಹುಡುಗರು ಕೇಳುತ್ತಾರೆ. ಬರುವಾಗ ಪಿಸ್ಟನ್ನಿನ ಒಂದು ಮಗ್ಗುಲಿನಲ್ಲಿ ರಾಡು ಜಾಗ ಹಿಡಿದು ಕೂತಿರುತ್ತದೆ. ತುಂಬಬೇಕಾದ ಜಾಗ ಕಡಿಮೆಯಾದ್ದರಿಂದ ಬೇಗ ತುಂಬುತ್ತದೆ, ಬಲವೂ ಅಷ್ಟೇ ಕಡಿಮೆ. ಸಂಜೆ ಆರಕ್ಕೆ ಪೀಣ್ಯದಿಂದ ಮನೆಗೆ ಹೋಗುವವರನ್ನು ನೋಡಿದರೆ ಇದು ಬೇಗ ಅರ್ಥವಾಗುತ್ತದೆ.

ಲಿವರ್ ಎಳೆಯುವುದು ಕೈಯ ಕೆಲಸ ಎಂದು ಮಾಲೀಕರು ತಿಳಿದಿದ್ದರು. ಅದು ಕಿವಿಯ ಕೆಲಸ. ರಟ್ಟು ಸಿಕ್ಕುವ ತನಕ ಪಂಪು ಒಂದೇ ಶ್ರುತಿಯಲ್ಲಿ ಗುನುಗುತ್ತದೆ. ಸಿಕ್ಕಿದ ಮೇಲೆ ದನಿ ದಪ್ಪಗಾಗುತ್ತ ಹೋಗುತ್ತದೆ. ಇನ್ನು ಸಾಕು ಎನ್ನುವ ಹೊತ್ತಿಗೆ ಗಂಟಲು ಕಟ್ಟಿದಂತೆ ಒಂದು ಗೊರಗೊರ. ಅದು ಕೇಳಿಸಿದರೆ ಗೇಜು ನೋಡಬೇಕಾಗಿಲ್ಲ, ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಒದ್ದೆ ರಟ್ಟಿನ ಗೊರಗೊರ ಬೇರೆ, ಒಣ ರಟ್ಟಿನದ್ದು ಬೇರೆ. ರಟ್ಟಿನ ನಡುವೆ ಬರಬಾರದ್ದೇನೋ ಬಂದಿದ್ದರೆ, ಒಂದು ಕಬ್ಬಿಣದ ತುಂಡೋ ಮರದ ಪ್ಯಾಲೆಟ್ಟೋ, ಆಗ ಗೊರಗೊರ ಇರುವುದಿಲ್ಲ, ನೇರ ಕಿರುಚು. ಪ್ರಭಾರದ ಪಟ್ಟಿಯಲ್ಲಿ ಗೇಜು ಒಂದು, ಅಲೆನ್ ಕೀ ಸೆಟ್ ಒಂದು, ಎಣ್ಣೆ ಹಾಕುವ ಫನೆಲ್ ಒಂದು ಎಂದು ಬರೆದಿದ್ದೇನೆ. ಕಿವಿಯನ್ನು ಬರೆಯಲಾಗಲಿಲ್ಲ. ಅದು ತಲೆಗೆ ಅಂಟಿಕೊಂಡು ಬಂದಿದೆ.

ತಮ್ಮನ್ನು ಮಾರಲು ಬಂದಿದ್ದವರು ಬಲು ಮಾತುಗಾರರು. "ಸಾರ್, ಕರೆಂಟೇ ಬೇಡ, ಸೆನ್ಸರ್ ಬೇಡ, ವೈರ್ ಬೇಡ. ಸಿಲಿಂಡರ್ ಕೊನೆ ಮುಟ್ಟಿದ್ರೆ ತಾನೇ ಗೊತ್ತಾಗುತ್ತೆ, ತಾನೇ ವಾಪಸ್ ಬರುತ್ತೆ, ತಾನೇ ಮತ್ತೆ ಹೋಗುತ್ತೆ" ಎಂದರು. ಮಾಲೀಕರು ನನ್ನ ಕಡೆ ನೋಡಿದರು. ತಾನೇ ಗೊತ್ತಾಗುತ್ತೆ ಎಂಬ ಮಾತು ಅವರಿಗೆ ಬಹಳ ಹಿಡಿಸಿತು. ನನಗೆ ಅವರು ಇಷ್ಟು ವರ್ಷದಿಂದ ಹೇಳಿಕೊಡುತ್ತಲೇ ಇದ್ದಾರಲ್ಲ.

ತಮ್ಮ ಹೊಟ್ಟೆಯೊಳಗೆ ಏನಿದೆ ಎಂದು ಒಂದು ಭಾನುವಾರ ಬಿಚ್ಚಿ ನೋಡಿದೆ, ಕ್ಷಮಿಸಬೇಕು. ಕನ್ನಡಿಯಂತೆ ಹೊಳೆಯುವ ಒಂದು ಉಕ್ಕಿನ ಸ್ಪೂಲು, ಅದರ ಮೈಮೇಲೆ ತೋಡುಗಳು. ಒಂದು ಕಡೆ ಜರುಗಿದರೆ ಎಣ್ಣೆ ಸಿಲಿಂಡರಿನ ಹಿಂಭಾಗಕ್ಕೆ, ಇನ್ನೊಂದು ಕಡೆ ಜರುಗಿದರೆ ಮುಂಭಾಗಕ್ಕೆ. ಜರುಗಿದ ಜಾಗದಲ್ಲಿ ಕಚ್ಚಿ ಹಿಡಿಯಲು ಸ್ಪ್ರಿಂಗಿನ ಹಿಂದೆ ಪುಟ್ಟ ಗುಂಡುಗಳು. ಎರಡು ತುದಿಗೂ ಒಂದೊಂದು ಸಣ್ಣ ಪೈಲಟ್ ವಾಲ್ವು, ಅದಕ್ಕೊಂದು ತಿರುಪು. ಪಿಸ್ಟನ್ ಕೊನೆಗೆ ಹೋಗಿ ನಿಂತಿತು ಅನ್ನಿ, ಪಂಪು ಎಣ್ಣೆ ತಳ್ಳುತ್ತಲೇ ಇರುತ್ತದೆ, ಎಣ್ಣೆಗೆ ಹೋಗಲು ದಾರಿಯಿಲ್ಲ, ಒತ್ತಡ ಸರ್ರನೆ ಏರುತ್ತದೆ. ತಿರುಪಿನಲ್ಲಿ ಕೂರಿಸಿದ 140 ಬಾರ್ ಮುಟ್ಟಿದ ಕೂಡಲೇ ಪೈಲಟ್ ಬಾಯಿ ಬಿಟ್ಟು ಸ್ಪೂಲಿನ ತುದಿಗೆ ಎಣ್ಣೆ ಕಳಿಸುತ್ತದೆ. ಗುಂಡುಗಳ ಹಿಡಿತ ಬಿಡಿಸಿಕೊಂಡು ಸ್ಪೂಲು ಆಚೆ ಬದಿಗೆ ಟಪ್ಪನೆ ಹೋಗಿ ಕೂರುತ್ತದೆ. ತಮ್ಮ ಬುದ್ಧಿ ಅಂದರೆ ಇಷ್ಟೇ. ಇದನ್ನು ಅವಮಾನಕ್ಕೆ ಹೇಳುತ್ತಿಲ್ಲ. ಆ ಟಪ್ ಎನ್ನುವ ಸದ್ದು ಕೇಳಿದಾಗ ನನಗೂ ಒಂದು ಕ್ಷಣ ಖುಷಿಯಾಗುತ್ತದೆ.

ಆ ಟಪ್ ಇಲ್ಲದಿದ್ದರೆ ತಮ್ಮ ವಂಶವೇ ಇರುತ್ತಿರಲಿಲ್ಲ ಎಂಬುದು ತಮಗೆ ಗೊತ್ತಿರಲಾರದು. ಸ್ಪೂಲನ್ನು ತಳ್ಳುವುದು ಒತ್ತಡ. ಆದರೆ ಸ್ಪೂಲು ಅರ್ಧ ದಾರಿಗೆ ಬಂದರೆ ದಾರಿಗಳೆಲ್ಲ ಕಲಸಿಹೋಗಿ ಆ ಒತ್ತಡವೇ ಬಿದ್ದುಹೋಗಬಹುದು. ಆಗ ಸ್ಪೂಲು ಅತ್ತಲೂ ಇಲ್ಲ ಇತ್ತಲೂ ಇಲ್ಲ, ನಡುಮಧ್ಯೆ ನಿಂತುಬಿಡುತ್ತದೆ. ಯಂತ್ರ ತಣ್ಣಗೆ ಕೂರುತ್ತದೆ, ಯಾರೋ ಬಂದು ಸುತ್ತಿಗೆಯಲ್ಲಿ ಒಂದು ಮೊಟಕಬೇಕು. ಉಗಿಯಂತ್ರದವರಿಗೂ ಇದೇ ಗೋಳಿತ್ತು. ಹತ್ತೊಂಬತ್ತನೇ ಶತಮಾನದ ನಡುವೆ ಅಮೆರಿಕದ ಹೆನ್ರಿ ವರ್ದಿಂಗ್ಟನ್ ಇದಕ್ಕೊಂದು ಸೊಗಸಾದ ಮದ್ದು ಕಂಡುಹಿಡಿದ. ಎರಡು ಉಗಿ ಪಂಪುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಇದರ ವಾಲ್ವನ್ನು ಅದರ ರಾಡು, ಅದರ ವಾಲ್ವನ್ನು ಇದರ ರಾಡು ಜರುಗಿಸುವಂತೆ ಜೋಡಿಸಿದ. ಬೆಳಗಿನ ಜಾವ ನೀನು ನನ್ನನ್ನು ಎಬ್ಬಿಸು, ನಾನು ನಿನ್ನನ್ನು ಎಬ್ಬಿಸುತ್ತೇನೆ ಎಂದು ಹಾಸ್ಟೆಲಿನ ಹುಡುಗರು ಮಾಡಿಕೊಳ್ಳುವ ಒಪ್ಪಂದದ ಹಾಗೆ. ಹುಡುಗರ ಒಪ್ಪಂದ ಎರಡನೇ ದಿನಕ್ಕೆ ಮುರಿಯುತ್ತದೆ, ಅವನದ್ದು ಮುರಿಯಲಿಲ್ಲ. ತಮಗೆ ಜೊತೆಗಾರರಿಲ್ಲ. ತಾವು ಸ್ಪ್ರಿಂಗು ಗುಂಡುಗಳ ಬಲದಿಂದ ನಡುಗೆರೆಯನ್ನು ಹಾರಿಬಿಡುತ್ತೀರಿ.

ಪ್ರಭಾರ ವಹಿಸಿಕೊಡುವಾಗ ಪಕ್ಕದ ಶಾಖೆಯ ಹಿರಿಯರನ್ನೂ ಪರಿಚಯಿಸಬೇಕು. ಮುಂದಿನ ಶೆಡ್ಡಿನಲ್ಲಿ ಒಂದು ಹಳೇ ಸರ್ಫೇಸ್ ಗ್ರೈಂಡರ್ ಇದೆ. ಅದರ ಟೇಬಲ್ಲೂ ಹೈಡ್ರಾಲಿಕ್ಕೇ, ಅದೂ ಬೆಳಗಿಂದ ಸಂಜೆವರೆಗೆ ತಾನಾಗಿ ಹೋಗಿ ತಾನಾಗಿ ಬರುತ್ತದೆ. ಅದು ತಿರುಗುವುದು ಒತ್ತಡಕ್ಕಲ್ಲ. ಟೇಬಲ್ಲಿನ ಅಂಚಿಗೆ ಎರಡು ಕಬ್ಬಿಣದ ತುಂಡುಗಳನ್ನು ಬಿಗಿದಿರುತ್ತಾರೆ, ಅವಕ್ಕೆ ಡಾಗ್ ಎಂದು ಹೆಸರು. ಟೇಬಲ್ ಇಂತಿಷ್ಟು ದೂರ ಬಂದಾಗ ಡಾಗು ಹೋಗಿ ಒಂದು ಪುಟ್ಟ ಲಿವರಿಗೆ ಬಡಿಯುತ್ತದೆ. ಆ ಲಿವರು ಪೈಲಟ್ ವಾಲ್ವನ್ನು ಜರುಗಿಸುತ್ತದೆ, ಪೈಲಟ್ಟು ದೊಡ್ಡ ವಾಲ್ವನ್ನು ಜರುಗಿಸುತ್ತದೆ. ಎಲ್ಲಿ ತಿರುಗಬೇಕು ಎಂಬುದನ್ನು ಮನುಷ್ಯ ಜಾಗ ನೋಡಿ, ಅಳೆದು, ನಟ್ಟು ಬಿಗಿದು ಹೇಳಿರುತ್ತಾನೆ. ನನಗೆ ಗ್ರೈಂಡಿಂಗ್ ಕಲಿಸಿದ ಗುರುಗಳು ಜಾಲಹಳ್ಳಿಯ ಎಚ್‌ಎಂಟಿಯಿಂದ ನಿವೃತ್ತರಾಗಿ ಬಂದವರು. 1953ರಲ್ಲಿ ಶುರುವಾದ ಆ ಕಾರ್ಖಾನೆಯ ಹೆಸರನ್ನು ಊರಿನವರು ಕೈಗಡಿಯಾರಕ್ಕೆ ಹೇಳಿದರೆ ಗುರುಗಳಿಗೆ ಸಿಟ್ಟು, ಅವರ ಪಾಲಿಗೆ ಅದು ಲೇತುಗಳ ಕಾರ್ಖಾನೆ. ಡಾಗ್ ಬಿಗಿಯುವಾಗ ಅವರು ಹೇಳುತ್ತಿದ್ದರು: "ಲೋ, ಇದಕ್ಕೆ ತನ್ನ ಮನೆ ಎಲ್ಲಿ ಅಂತ ಗೊತ್ತಿರಬೇಕು. ಗೋಡೆಗೆ ತಲೆ ಚಚ್ಚಿಕೊಂಡು ಆಮೇಲೆ ತಿಳಕೊಳ್ಳೋದಲ್ಲ."

ಸಾಹೇಬರೇ, ತಾವು ಗೋಡೆಗೆ ತಲೆ ಚಚ್ಚಿಕೊಂಡು ತಿಳಿಯುವ ಪಂಗಡ. ಗ್ರೈಂಡರಿಗೆ ಜಾಗ ಗೊತ್ತು, ತಮಗೆ ನೋವು ಮಾತ್ರ ಗೊತ್ತು.

ನ್ಯಾಯವಾಗಿ ಹೇಳಬೇಕೆಂದರೆ ರಟ್ಟಿನ ಕೆಲಸಕ್ಕೆ ನೋವೇ ಒಳ್ಳೆಯ ಅಳತೆ. ರಟ್ಟು ಎಷ್ಟು ದೂರದಲ್ಲಿ ಗಟ್ಟಿಯಾಗುತ್ತದೆ ಎಂಬುದು ಹೊತ್ತಿಗೊಂದು ರೀತಿ. ಸಾಕಷ್ಟು ಒತ್ತಿಸಿಕೊಂಡಿತೇ ಎಂಬುದಷ್ಟೇ ಮುಖ್ಯ. 140 ಬಾರ್ ಎಂದರೆ ಈ ಸಿಲಿಂಡರಿಗೆ ಹನ್ನೊಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಅಷ್ಟು ತಳ್ಳಿದ ಮೇಲೂ ಬಗ್ಗದಿದ್ದರೆ ವಾಪಸು ಬರಬೇಕು, ಮತ್ತೆ ರಟ್ಟು ಹಾಕಬೇಕು. ಮೊದಲ ಎರಡು ತಿಂಗಳು ತಾವು ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದಿರಿ. ನಾನು ಬೀಡಿ ಸೇದಲು ಹೋಗುತ್ತೇನೆ, ತಾವು ಹೋಗುವುದಿಲ್ಲ. ಬೇಲುಗಳ ತೂಕ ಒಂದೇ ಸಮ ಬಂತು.

ತಕರಾರು ಎದ್ದದ್ದು ಆಮೇಲೆ. ಚಿಕ್ಕದನ್ನು ಮೊದಲು ಹೇಳಿ ಮುಗಿಸುತ್ತೇನೆ. ಡಿಸೆಂಬರಿನ ಒಂದು ಬೆಳಿಗ್ಗೆ ಟ್ಯಾಂಕಿನ ಎಣ್ಣೆ ಜೇನಿನ ಹಾಗೆ ದಪ್ಪವಾಗಿತ್ತು. ಎಣ್ಣೆ ಡಬ್ಬದ ಮೇಲೆ ಅದರ ದಪ್ಪ ಹೇಳುವ 68 ಎಂಬ ಅಂಕಿ 40 ಡಿಗ್ರಿಯಲ್ಲಿ ಅಳೆದದ್ದು, ನಮ್ಮ ಶೆಡ್ಡು ಆ ಹೊತ್ತಿನಲ್ಲಿ ಅಷ್ಟು ಬೆಚ್ಚಗಿರುವುದಿಲ್ಲ. ಹೋಸಿನೊಳಗೆ ನುಗ್ಗಲು ಎಣ್ಣೆ ಪಡುತ್ತಿದ್ದ ಕಷ್ಟವನ್ನೇ ತಾವು ದಾರಿಯ ಕೊನೆ ಎಂದು ತಿಳಿದು, ರಟ್ಟು ಮುಟ್ಟುವ ಮೊದಲೇ ತಿರುಗತೊಡಗಿದಿರಿ. ಮಾಲೀಕರ ಅಣ್ಣನ ಮಗ ಬಂದು ತಮ್ಮ ತಿರುಪನ್ನು ಒಂದೂವರೆ ಸುತ್ತು ಬಿಗಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ತಾವು ತಿರುಗುವುದನ್ನೇ ಬಿಟ್ಟಿರಿ. ಯಾಕೆಂದರೆ ಒತ್ತಡ ಮಿತಿಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಟ್ಟುಬಿಡುವ ರಿಲೀಫ್ ವಾಲ್ವು 160 ಬಾರಿಗೆ ತೆರೆದುಕೊಳ್ಳುತ್ತದೆ. ತಮ್ಮನ್ನು ಅದಕ್ಕಿಂತ ಮೇಲೆ ಕೂರಿಸಿದರೆ ಒತ್ತಡ ತಮ್ಮ ಮನೆಯವರೆಗೆ ಬರುವುದೇ ಇಲ್ಲ, ಕೆಳಗಿನ ಮನೆಯಲ್ಲೇ ಸೋರಿಹೋಗುತ್ತದೆ. ಎಣ್ಣೆ ಕಾದು ಟ್ಯಾಂಕು ಮುಟ್ಟಲಾಗಲಿಲ್ಲ. ಕೆಲಸದ ಒತ್ತಡಕ್ಕಿಂತ ಮೇಲೆ, ರಿಲೀಫಿಗಿಂತ ಕೆಳಗೆ, ಆ ಸಂದಿನಲ್ಲೇ ತಾವು ಬಾಳಬೇಕು. ತಿರುಪನ್ನು ನಾನೇ ಹಿಂದಕ್ಕೆ ತಿರುಗಿಸಿ ಲಾಕ್ ನಟ್ ಬಿಗಿದೆ. ಅದಕ್ಕೆ ಓಟಿ ಕೊಡಲಿಲ್ಲ.

ಎರಡನೆಯದು ತಮ್ಮ ಸೇವಾ ಪುಸ್ತಕದಲ್ಲಿ ಬಂಗಾರದ ಅಕ್ಷರದಲ್ಲಿ ಬರೆಯಬೇಕಾದದ್ದು. ತಾವು ಎಷ್ಟು ಸಲ ತಿರುಗುತ್ತೀರಿ ಎಂದು ಲೆಕ್ಕವಿಡಲು ಮಾಲೀಕರು ಒಂದು ಡಿಜಿಟಲ್ ಕೌಂಟರ್ ಹಾಕಿಸಿದ್ದರು. ಮುಂದಿನ ಓಟ ಮುಗಿದು ಒತ್ತಡ ಏರಿದರೆ ಕೆಂಪು ಅಂಕಿ ಒಂದು ಏರುತ್ತದೆ. 24 ಹೊಡೆತಕ್ಕೆ ಒಂದು ಬೇಲು ಎಂಬುದು ಅವರ ಸೂತ್ರ. ಒಂದು ಮಂಗಳವಾರ ಗ್ರೈಂಡರಿನಲ್ಲಿ ಅರ್ಜೆಂಟ್ ಕೆಲಸವಿತ್ತು, ನಾನು ಮುಂದಿನ ಶೆಡ್ಡಿನಲ್ಲಿದ್ದೆ. ಹೆಲ್ಪರ್ ಹುಡುಗ ರಟ್ಟು ತುಂಬಿ ಟೀ ತರಲು ಹೋದ. ರಟ್ಟಿನೊಳಗೆ ಒಂದು ಕಬ್ಬಿಣದ ಪೈಪಿನ ತುಂಡು ಸೇರಿಕೊಂಡಿತ್ತು. ಅದು ಹಾಪರಿನ ಬಾಯಲ್ಲಿ ಓರೆಯಾಗಿ ಫ್ರೇಮಿಗೆ ಆನಿಕೊಂಡಿತು. ತಾವು ಸುಮಾರು 15 ಸೆಂಟಿಮೀಟರ್ ಮುಂದೆ ಹೋದಿರಿ, ಪೈಪಿಗೆ ಬಡಿದಿರಿ, ಒತ್ತಡ ಏರಿತು. ಆಹಾ, ಕೊನೆ ಬಂತು ಎಂದು ತಿರುಗಿದಿರಿ. ಹಿಂದೆ ನಿಜವಾದ ಕೊನೆ ಮುಟ್ಟಿ ಮತ್ತೆ ತಿರುಗಿದಿರಿ, ಮತ್ತೆ ಪೈಪು. ಹೋಗಿ ಬರಲು ಮೂರು ಸೆಕೆಂಡು.

ಹೀಗೆ 42 ನಿಮಿಷ.

ಮೂರು ಸೆಕೆಂಡಿಗೊಂದರಂತೆ 840 ಹೊಡೆತ. 24ರಿಂದ ಭಾಗಿಸಿದರೆ 35 ಬೇಲು. ನಾವು ಒಂದು ಇಡೀ ದಿನ ಬೆವರು ಸುರಿಸಿದರೆ ಆಗುವಷ್ಟನ್ನು ತಾವು ಮುಕ್ಕಾಲು ಗಂಟೆಯೊಳಗೆ ಕಟ್ಟಿದಿರಿ. ಒಂದು ಚೂರು ರಟ್ಟೂ ಅಲುಗದೆ. ಸಂಜೆ ಸೂಪರ್‌ವೈಸರ್ ಎಂದಿನಂತೆ ಕೌಂಟರಿನ ಫೋಟೋ ತೆಗೆದು ವಾಟ್ಸ್‌ಆಪಿನಲ್ಲಿ ಕಳಿಸಿದ. ಮಾಲೀಕರಿಂದ ಎರಡು ಹೆಬ್ಬೆಟ್ಟು ಬಂದವು. ನಾನು ಪೈಪಿನ ತುಂಡನ್ನು ಹಿಡಿದುಕೊಂಡು ಹೋಗಿ ನಿಂತೆ. "ಏನಪ್ಪಾ, ಹೊಟ್ಟೆಕಿಚ್ಚಾ?" ಎಂದರು. ಗೋಡೌನಿನಲ್ಲಿ ಬೇಲುಗಳನ್ನು ಎಣಿಸಿ ತೋರಿಸಿದ ಮೇಲೆ ಹೊಡೆತದ ಲೆಕ್ಕ ಬೇರೆ, ಬೇಲಿನ ಲೆಕ್ಕ ಬೇರೆ ಎಂದು ಒಪ್ಪಿದರು. ಕೌಂಟರನ್ನು ಮಾತ್ರ ತೆಗೆಯಲಿಲ್ಲ. ಅದಕ್ಕೆ ದುಡ್ಡು ಕೊಟ್ಟಾಗಿದೆ.

ತಮ್ಮ ಪೂರ್ವಜನೊಬ್ಬನ ಕತೆಯನ್ನು ಇಲ್ಲಿ ಹೇಳಬೇಕು. ನನ್ನ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ನಾನು ಮನೆಯಲ್ಲಿ ತಮ್ಮ ಬಗ್ಗೆಯೇ ಮಾತಾಡುವುದು ಕೇಳಿ ಬೇಸತ್ತು ಅವಳೇ ಓದಿ ಹೇಳಿದಳು. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಹತ್ತಿರದ ಕಲ್ಲಿದ್ದಲ ಗಣಿಯಿಂದ ನೀರೆತ್ತಲು ಥಾಮಸ್ ನ್ಯೂಕಮೆನ್ ತನ್ನ ಉಗಿಯಂತ್ರ ನಿಲ್ಲಿಸಿದ. ಇಂಥ ಯಂತ್ರವೊಂದನ್ನು ನೋಡಿಕೊಳ್ಳಲು ಹಂಫ್ರಿ ಪಾಟರ್ ಎಂಬ ಹುಡುಗನಿದ್ದ, ಮೇಲಿನ ತೊಲೆಯೇ ವಾಲ್ವನ್ನು ತೆರೆಯುವಂತೆ ಅವನೊಂದು ಕೊಕ್ಕೆ ಜೋಡಿಸಿದ, ನಿಮಿಷಕ್ಕೆ ಹೆಚ್ಚೆಂದರೆ ಹತ್ತು ಹೊಡೆತ ಹೊಡೆಯುತ್ತಿದ್ದ ಯಂತ್ರ ಹದಿನೈದು ಹದಿನಾರಕ್ಕೆ ಏರಿತು ಎಂದು ಡೆಸಗುಲಿಯೆ ಎಂಬ ವಿದ್ವಾಂಸ 1744ರಲ್ಲಿ ಬರೆದ. 1776ರಲ್ಲಿ ಆಡಂ ಸ್ಮಿತ್ ತನ್ನ ದೊಡ್ಡ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇಂಥದೊಂದು ಕತೆ ಹೇಳಿದ. ಅವನ ಹುಡುಗನಿಗೆ ಹೆಸರಿಲ್ಲ, ಕೊಕ್ಕೆಯ ಬದಲು ದಾರವಿದೆ. ಗೆಳೆಯರ ಜೊತೆ ಆಡುವ ಆಸೆಗೆ ವಾಲ್ವಿನ ಹಿಡಿಗೆ ದಾರ ಕಟ್ಟಿ ಆಟಕ್ಕೆ ಹೋದ ಎಂದು ಕತೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲವಂತೆ. 1712ರ ಆ ಯಂತ್ರದ್ದೇ ಚಿತ್ರವನ್ನು 1719ರಲ್ಲಿ ಥಾಮಸ್ ಬಾರ್ನಿ ಎಂಬಾತ ಕೆತ್ತಿದ್ದಾನೆ, ಅದರಲ್ಲಿ ವಾಲ್ವುಗಳು ಆಗಲೇ ತಾವಾಗಿ ತೆರೆದು ಮುಚ್ಚುವ ಏರ್ಪಾಡಿದೆ.

ಕತೆ ಸುಳ್ಳಾದರೂ ನನಗೆ ಒಂದು ಅನುಮಾನ ಉಳಿಯಿತು. ಹುಡುಗ ಆಟಕ್ಕೆ ಹೋದ, ಸರಿ. ಮಾರನೇ ದಿನ? ದಾರ ಕಟ್ಟಿದ್ದನ್ನು ಗಣಿಯ ಮಾಲೀಕ ನೋಡಿದ ಮೇಲೆ ಆ ಹುಡುಗನಿಗೆ ಏನಾಯಿತು ಎಂದು ಇಷ್ಟು ದೊಡ್ಡ ಪುಸ್ತಕ ಬರೆದವನು ಒಂದು ಸಾಲು ಬರೆಯಬಾರದಿತ್ತೇ? ಮಗಳಿಗೂ ಸಿಗಲಿಲ್ಲ. ನನಗೆ ಗೊತ್ತು. ಅವನಿಗೆ ಇನ್ನೆರಡು ಯಂತ್ರ ವಹಿಸಿರುತ್ತಾರೆ. ತಾವು ಬಂದು ನನ್ನ ಎರಡೂ ಕೈಗಳನ್ನು ಬಿಡುಗಡೆ ಮಾಡಿದಿರಲ್ಲ, ಈಗ ಒಂದು ಕೈ ಗ್ರೈಂಡರಿನ ಮೇಲಿದೆ, ಇನ್ನೊಂದು ಡ್ರಿಲ್ಲಿಂಗ್ ಮಷೀನಿನ ಮೇಲೆ. ಕಿವಿ ತಮ್ಮ ಮೇಲೆ. ಮೂರಕ್ಕೂ ಸೇರಿ ಸಂಬಳ ಹಳೆಯದೇ.

ದಾರ ಕಟ್ಟುವ ಜಾಣತನ ಕಲಿಯಲು ಇಂಗ್ಲೆಂಡಿಗೇ ಹೋಗಬೇಕಾಗಿಲ್ಲ ಎಂದು ಮಗಳಿಗೆ ಹೇಳಿದೆ. ಶಿರಾ ಕಡೆಯ ನಮ್ಮ ಊರಿನಲ್ಲಿ, ಕರೆಂಟಿನ ಪಂಪ್‌ಸೆಟ್ ಬರುವ ತನಕ ನನ್ನಜ್ಜ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ತೊಗಲಿನ ಬಾನಿ ಮೇಲೆ ಬರುತ್ತದೆ. ಬಾನಿಯ ಕೆಳಗೆ ಆನೆಯ ಸೊಂಡಿಲಿನಂಥ ಕೊಳವೆ, ಅದಕ್ಕೆ ಬೇರೆ ಒಂದು ಸಣ್ಣ ಹಗ್ಗ. ಬರುವಷ್ಟು ಹೊತ್ತೂ ಆ ಹಗ್ಗ ಸೊಂಡಿಲನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ, ಒಂದು ಹನಿ ಚೆಲ್ಲದು. ಬಾನಿ ಮೇಲೆ ಬಂದೊಡನೆ ಸೊಂಡಿಲು ಕೆಳಗಿನ ಉರುಳೆಯ ಮೇಲೆ ಹಾಯ್ದು ಬಾಗುತ್ತದೆ, ನೀರು ತಾನಾಗಿ ದೋಣಿಗೆ ಸುರಿಯುತ್ತದೆ. ಮುಟ್ಟುವವರಿಲ್ಲ, ತಿರುಪಿಲ್ಲ, ಸ್ಪ್ರಿಂಗಿಲ್ಲ. ಹಗ್ಗದ ಉದ್ದವೇ ಅದರ ಬುದ್ಧಿ. ಅದೂ ಗ್ರೈಂಡರಿನ ಪಂಗಡವೇ, ಜಾಗ ಬಲ್ಲದ್ದು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನ ಬಗ್ಗೆ ಸುಳ್ಳು ಕತೆಯನ್ನಾದರೂ ಯಾರೂ ಬರೆಯಲಿಲ್ಲ. ಕಷ್ಟವಿದ್ದದ್ದು ವಾಪಸು ಬರುವುದರಲ್ಲಿ. ಎತ್ತುಗಳು ಏರನ್ನು ಹಿಮ್ಮುಖವಾಗಿ ಹತ್ತಬೇಕು. ಅದಕ್ಕೆ ಅಜ್ಜ ಒಂದು ರಾಗ ಎಳೆಯುತ್ತಿದ್ದ, ಎತ್ತುಗಳು ಆ ರಾಗ ಕೇಳಿಯೇ ಹಿಂದೆ ಸರಿಯುತ್ತಿದ್ದವು. ಬಾನಿ ಕಲ್ಲಿಗೆ ಸಿಕ್ಕಿಕೊಂಡರೆ ಎತ್ತು ನಿಂತುಬಿಡುತ್ತಿತ್ತು. ತಿರುಗುತ್ತಿರಲಿಲ್ಲ, ನಿಂತು ಅಜ್ಜನ ಮುಖ ನೋಡುತ್ತಿತ್ತು.

ತಾವು ನಿಲ್ಲುವುದಿಲ್ಲ. ಯಾರ ಮುಖವನ್ನೂ ನೋಡುವುದಿಲ್ಲ.

ಈಗ ಮೂರನೆಯ ವಿಷಯ. ಇದನ್ನು ನಗುತ್ತ ಬರೆಯಲು ಎರಡು ದಿನ ಪ್ರಯತ್ನಪಟ್ಟೆ. ತಮ್ಮನ್ನು ಮಾರಿದವರು ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದ್ದರು: "ಸೇಫ್ಟಿನೂ ಇದೆ ಸಾರ್. ಅಕಸ್ಮಾತ್ ಕೈ ಸಿಕ್ಕಿದ್ರೂ ತಡೆ ಅಂತ ತಿಳಕೊಂಡು ವಾಪಸ್ ಹೋಗುತ್ತೆ." ಮಾಲೀಕರು ಇದನ್ನು ನಂಬಿದರು. ಅವರಿಂದ ಕೇಳಿ ಹೆಲ್ಪರ್ ಹುಡುಗನೂ ನಂಬಿದ. ರಾಯಚೂರು ಕಡೆಯಿಂದ ಬಂದ ಹತ್ತೊಂಬತ್ತರ ಹುಡುಗ, ನನ್ನನ್ನು ಅಣ್ಣಾ ಎನ್ನುತ್ತಾನೆ. ಅವನು ಊಟದ ಡಬ್ಬಿಯನ್ನು ರಟ್ಟಿನ ರಾಶಿಯ ಮೇಲಿಟ್ಟಿದ್ದ. ರಟ್ಟಿನ ಜೊತೆ ಅದೂ ಹಾಪರಿಗೆ ಹೋಯಿತು. ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಅವನು ಅಯ್ಯೋ ಎಂದು ಕೈ ಹಾಕಲು ಬಗ್ಗಿದ. ನಾನು ಗ್ರೈಂಡರಿನ ಹತ್ತಿರದಿಂದ ಕೂಗಿದ ಕೂಗಿಗೆ ಹೆದರಿ ಕೈ ಹಿಂದೆಗೆದ. ನಾನು ಓಡಿ ಬಂದು ಎಮರ್ಜೆನ್ಸಿ ಬಟನ್ ಗುದ್ದುವ ಹೊತ್ತಿಗೆ ತಾವು ಡಬ್ಬಿಯನ್ನು ದಾಟಿ ಮುಂದೆ ಹೋಗಿಯಾಗಿತ್ತು.

ಓಡಿ ಬರುವಾಗ ನನ್ನ ಕಣ್ಣು ಗೇಜಿನ ಮೇಲಿತ್ತು, ಅಭ್ಯಾಸ. ಮುಳ್ಳು ಅಲುಗಲಿಲ್ಲ. ಸ್ಟೀಲಿನ ಡಬ್ಬಿ ಕಾಗದದಂತೆ ಮಡಿಚಿಹೋದದ್ದು ತಮಗೆ ಗೊತ್ತೇ ಆಗಲಿಲ್ಲ. ಹನ್ನೊಂದು ಟನ್ ತಡೆ ಸಿಕ್ಕಿದರೆ ಮಾತ್ರ ತಾವು ಅದನ್ನು ತಡೆ ಎನ್ನುತ್ತೀರಿ. ಡಬ್ಬಿ ತಡೆಯಲ್ಲ. ಹಾಗಿರುವಾಗ ಕೈ ಎಲ್ಲಿಯ ತಡೆ? ಮೂಳೆಗೆ ಅಷ್ಟು ಹಟವಿಲ್ಲ. ಕಬ್ಬಿಣದ ಪೈಪು ಎದುರು ನಿಂತಾಗ 840 ಸಲ ಗೌರವದಿಂದ ಹಿಂದೆ ಸರಿದವರು ತಾವು. ಹುಡುಗನ ಕೈ ಸಿಕ್ಕಿದ್ದರೆ ಒಂದು ಸಲವೂ ಸರಿಯುತ್ತಿರಲಿಲ್ಲ. ಹೋಗಿ, ಒತ್ತಿ, ಕೊನೆ ಮುಟ್ಟಿ, ಟಪ್ಪೆಂದು ತಿರುಗಿ ಬರುತ್ತಿದ್ದಿರಿ. ಕೌಂಟರಿನಲ್ಲಿ ಒಂದು ಅಂಕಿ ಏರುತ್ತಿತ್ತು.

ತಮ್ಮದು ತಪ್ಪು ಎನ್ನುತ್ತಿಲ್ಲ. ಸ್ಪೂಲು ಸ್ಪೂಲಿನ ಕೆಲಸ ಮಾಡಿತು. ಒತ್ತಡ ಮಾತ್ರ ಬಲ್ಲವನಿಗೆ ಕೈ ಕಾಯುವ ಕೆಲಸ ಒಪ್ಪಿಸಿದ್ದು ಬೇರೆಯವರು.

ಆ ದಿನ ನಾನು ಮೊದಲ ಬಾರಿ ಮಾಲೀಕರ ಎದುರು ದನಿ ಎತ್ತಿದೆ. ಬೇಲಿನ ತಂತಿ ಕತ್ತರಿಸಿ ಡಬ್ಬಿಯನ್ನು ಹೊರಗೆಳೆದು ಅವರ ಟೇಬಲ್ಲಿನ ಮೇಲಿಟ್ಟೆ. ಚಿತ್ರಾನ್ನದ ಒಗ್ಗರಣೆ ಮಡಿಕೆಯೊಳಗೆ ಮೆತ್ತಿಕೊಂಡಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿ, ಮರುದಿನ ಹಾಪರಿಗೆ ಜಾಲರಿಯ ಬಾಗಿಲು ಹಾಕಿಸಲು ಒಪ್ಪಿದರು. ಬಾಗಿಲು ತೆರೆದರೆ ಮೋಟಾರು ನಿಲ್ಲುವಂತೆ ಒಂದು ಸ್ವಿಚ್ಚು. ಜೊತೆಗೆ ರಾಡಿನ ದಾರಿಯಲ್ಲಿ ಗ್ರೈಂಡರಿನ ಮಾದರಿಯ ಒಂದು ಡಾಗು, ಅದಕ್ಕೊಂದು ಲಿಮಿಟ್ ಸ್ವಿಚ್ಚು: ಅಲ್ಲಿಗೆ ಮುಟ್ಟುವ ಮೊದಲೇ ತಾವು ತಿರುಗಿದರೆ ಅದು ಕೊನೆಯಲ್ಲ, ಅಡ್ಡಿ ಎಂದು ತಿಳಿದು ಯಂತ್ರ ನಿಲ್ಲಬೇಕು, ಗಂಟೆ ಬಡಿಯಬೇಕು. ಬಾಗಿಲು ಬಂದಿದೆ, ಬಾಗಿಲಿನ ಸ್ವಿಚ್ಚೂ ಬಂದಿದೆ. ಡಾಗಿಗೆ ಕೊಟೇಶನ್ ತರಿಸಿದ್ದಾರೆ. ನೋಡೋಣ ಎಂದಿದ್ದಾರೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಂತಿ ಇಷ್ಟೇ. ಪ್ರಭಾರದ ಪಟ್ಟಿಗೆ ತಾವು ಸಹಿ ಹಾಕಲಾರಿರಿ ಎಂದು ಬಲ್ಲೆ. ತಮ್ಮ ಪರವಾಗಿ ಮಾಲೀಕರು ಹಾಕಲಿ. ಗೇಜು, ಅಲೆನ್ ಕೀ ಸೆಟ್, ಫನೆಲ್ ತಮ್ಮ ಹೆಸರಿಗೆ ಬರೆದಿದ್ದೇನೆ. ಆ ಹುಡುಗನನ್ನು ಬರೆದಿಲ್ಲ. ಡಾಗು ಬರುವವರೆಗೆ ಅವನು ನನ್ನ ಪ್ರಭಾರದಲ್ಲೇ ಇರುತ್ತಾನೆ, ಈ ಬಗ್ಗೆ ಮೌಖಿಕ ಆದೇಶ ಬೇಕಾಗಿಲ್ಲ.

ಇಂತಿ,
ತಮ್ಮ ಪೂರ್ವಾಧಿಕಾರಿ,
ಗ್ರೈಂಡರ್ ಮತ್ತು ಡ್ರಿಲ್ಲಿಂಗ್ ಮಷೀನಿನ ನಡುವಿನಿಂದ.

ಪ್ರತಿ: ಮಾಲೀಕರಿಗೆ, ಸಹಿಗಾಗಿ.
ಲಗತ್ತು: ಸ್ಟೀಲ್ ಊಟದ ಡಬ್ಬಿ, ಒಂದು. ಮೂರು ಅಂತಸ್ತು, ದಪ್ಪ ಒಂದು ಬೆರಳು.